ಲಾಟೀನು ತಾತನ ಉಗುರು

ಲಾಟೀನು ತಾತನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಅಂಗುಲ ಉದ್ದವಿತ್ತು. ಹಳದಿಗಟ್ಟಿ ದಪ್ಪವಾಗಿದ್ದ ಅದನ್ನು ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು. ಮದುವೆಯಾಗಿ ಕಂಪ್ಲಿಯಿಂದ ಹೊಸಪೇಟೆಗೆ ಬಂದ ಹೊಸದರಲ್ಲಿ, ಎದುರಿಗಿದ್ದ ಅವರ ದೀಪದ ಅಂಗಡಿಯ ಕಡೆ ಮುಖ ಮಾಡದೇ ಅಂಗಳ ಗುಡಿಸುತ್ತಿದ್ದೆ.

ಲಾಟೀನು ರಿಪೇರಿ ಅವರ ಹೊಟ್ಟೆಪಾಡು, ಹಳೆಯ ಗಾಜಿನ ವಯಸ್ಸು ಹೇಳುವುದು ಅವರ ಹುಚ್ಚು. ಕಣ್ಣು ಮುಚ್ಚಿ ಗಾಜಿನ ಮೈಮೇಲೆ ಆ ಉಗುರು ಎಳೆಯುತ್ತಿದ್ದರು. ಬಾಯಿಂದ ಊದಿದ ಗಾಜಾದರೆ ಉಗುರು ಎಲ್ಲೂ ತಡೆಯದು. ಅಚ್ಚಿನಲ್ಲಿ ಮಾಡಿದ್ದಾದರೆ ಎರಡು ಹೋಳು ಕೂಡಿದ ಕಡೆ ಕೂದಲಿನಂಥ ಗೆರೆ ಸಿಕ್ಕುತ್ತದೆ. ಸಿಕ್ಕರೆ ಅದು ಹಡಗು ಹತ್ತಿ ಮದರಾಸಿಗೆ ಬಂದ ಈಚಿನ ಮಾಲು. ಹಂಪಿ ಹತ್ತಿರವಿದ್ದುದರಿಂದ ನಮ್ಮ ಕಡೆ ಯಾರ ಮನೆಯ ಹಳೇ ಸಾಮಾನು ಕೇಳಿದರೂ ಅದು ಹಂಪಿ ಆಳಿದ ರಾಯರ ಕಾಲದ್ದೇ. "ರಾಯರಿಗೆ ಊರೂರಿಗೆ ದೀಪ ಹಂಚೋದು ಬಿಟ್ರ ಬ್ಯಾರೆ ಕೆಲಸ ಇದ್ದಿಲ್ಲೇನ್ರಿ?" ಎಂದು ತಾತ ನಗುತ್ತಿದ್ದರು.

ನನ್ನ ತವರಲ್ಲೂ ಅಂಥದ್ದೊಂದಿತ್ತು. ದೇವರ ಮನೆಯಲ್ಲಿ ಮೂರು ಸರಪಳಿಯಿಂದ ತೂಗುತ್ತಿದ್ದ ನೀಲಿ ಗಾಜಿನ ದೀಪ. ರಾಯರು ನಮ್ಮ ಹಿರಿಯರಿಗೆ ಕೈಯಾರೆ ಕೊಟ್ಟದ್ದಂತೆ. ಶಿವರಾತ್ರಿಗೆ ಓಣಿಯವರೆಲ್ಲ ಬಂದು ಅದಕ್ಕೆ ಕೈಮುಗಿಯುತ್ತಿದ್ದರು. ನಾನು ಹೊಸಪೇಟೆಗೆ ಬಂದ ವರ್ಷ ಹಬ್ಬಕ್ಕೆಂದು ಬೂದಿ ಹಚ್ಚಿ ತಿಕ್ಕುವಾಗ ನನ್ನ ಅವ್ವನ ಕೈಜಾರಿ ಅದು ಒಡೆಯಿತು. ಅಪ್ಪನ ತಾಯಿ, ನಮ್ಮಜ್ಜಿ, ಅವ್ವನನ್ನು ಉಟ್ಟ ಸೀರೆಯಲ್ಲೇ ದರೋಜಿಯ ತವರಿಗೆ ಅಟ್ಟಿದಳು. "ರಾಯರ ಕಾಲದ್ದು ಇನ್ನೊಂದು ತಂದ್ರ ಒಳಗ ಬರ್ಲಿ" ಅಂದಳಂತೆ. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕು ತಿಂಗಳು ಕಾದೆ. ಆಮೇಲೆ ಕಂಪ್ಲಿಗೆ ಹೋಗಿ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದೆ. ಅದೇ ಕಾಲದ ಇನ್ನೊಂದು ದೀಪ ಹುಡುಕಿಸಿ ಅವ್ವನನ್ನು ಮನೆ ಸೇರಿಸಬೇಕು, ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ತಾತ ಕಣ್ಣು ಮುಚ್ಚಿ ಉಗುರು ಎಳೆದರು. ತಡೆಯಿತು.

"ಅಚ್ಚಿನ ಗಾಜು ತಾಯಿ. ಬೆಲ್ಜಿಯಂ ದೇಶದ್ದು. ರಾಯರು ಇದನ್ನ ಕನಸಿನ್ಯಾಗೂ ಕಂಡಿಲ್ಲ."

ಅವರು ಸರಪಳಿ ಸಿಕ್ಕಿಸುವ ತೂತುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ಮೂರನೆಯದು ತುಸು ಓರೆಯಾಗಿತ್ತು. ಅಲ್ಲಿಗೆ ಬಂದ ಬೆರಳು ಗಕ್ಕನೆ ನಿಂತಿತು.

"ಎಷ್ಟು ವರ್ಷದ್ದು ತಾತ?"

"ನಲವತ್ತು. ಈ ತೂತು ಕೊರ್ದಾಂವ ನಾನ."

ಕೊಂಡವರು ಯಾರೆಂದರೆ ಹೇಳಲೊಲ್ಲರು. "ಒಂದು ಹೆಣ್ಣುಮಗಳಿಗೆ ಮಾತು ಕೊಟ್ಟೀನಿ, ಕೇಳಬ್ಯಾಡ" ಎಂದು ಗಂಟನ್ನು ನನ್ನ ಕಡೆ ನೂಕಿದರು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಮಾತು ನೀವ ಉಳಿಸ್ಕೋರಿ. ಇದನ್ನ ಒಡದ ತಪ್ಪಿಗೆ ನಮ್ಮವ್ವ ದರೋಜಿಯಾಗ ಅಣ್ಣನ ಹೆಂಡತಿ ಹಾಕೋ ಕೂಳಿಗೆ ಕಾಯ್ಕೊಂಡು ಕುಂತಾಳ."

ತಾತ ಗಂಟನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಮರುದಿನ ಹೊತ್ತು ಮೂಡುವಷ್ಟರಲ್ಲಿ ಎತ್ತಿನ ಗಾಡಿ ತಂದು ಬಾಗಿಲಲ್ಲಿ ನಿಂತಿದ್ದರು.

ಕಂಪ್ಲಿಯಲ್ಲಿ ಅಜ್ಜಿ ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆಯ ಕಲ್ಲು ಆರಿಸುತ್ತಿದ್ದಳು. ತಾತ ಗಂಟು ಬಿಚ್ಚಿ ಅವಳ ಮುಂದಿಟ್ಟರು. "ಅಮ್ಮಾರ, ನೀವು ಹೇಳ್ತೀರೋ, ನಾನ ಹೇಳ್ಲೋ?"

ಅಜ್ಜಿಯ ಕೈಯಿಂದ ಮೊರ ಜಾರಿ ಬೇಳೆಯೆಲ್ಲ ಚೆಲ್ಲಿತು. ಒಳಗಿನಿಂದ ಬಂದ ಅಪ್ಪನ ಮುಖ ನೋಡಿ ಅವಳು ಹೇಳಿದಳು: "ನನ್ನ ಕೈಯಾಗೂ ಒಡೀತು. ತಿಕ್ಕೂವಾಗ. ಆಗ ನೀನು ನನ್ನ ಹೊಟ್ಟ್ಯಾಗಿದ್ದಿ. ನಮ್ಮತ್ತಿ ಹೊರಗ ಹಾಕ್ತಾಳಂತ ಅಂಜಿ, ಇವರ ಅಂಗಡಿಗೆ ಚೂರು ಒಯ್ದು ಅಂಥಾದ್ದ ಈ ದೀಪ ತಂದೆ."

ಆ ಭಯ ಎಂಥದ್ದೆಂದು ಉಂಡು ಬಲ್ಲವಳೇ ನನ್ನ ಅವ್ವನಿಗೆ ಅದನ್ನು ಉಣಿಸಿದ್ದಳಲ್ಲ! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ತಾತನ ಮಾತು ಮುಗಿದಿರಲಿಲ್ಲ. "ಆವತ್ತು ನೀವು ತಂದ ಚೂರಿಗೂ ಅಚ್ಚಿನ ಗೆರಿ ಇತ್ತಮ್ಮಾ. ಅದೂ ರಾಯರದಲ್ಲ. ನೀವು ಭಾಳ ಅಳ್ತಿದ್ರಿ, ನನಗ ಹೇಳಾಕ ಬಾಯಿ ಬರ್ಲಿಲ್ಲ. ಹೇಳಿದ್ರ ಇವತ್ತು ಈ ಮನಿ ಸೊಸಿ ಮನ್ಯಾಗಿರ್ತಿದ್ಲು."

ಅಜ್ಜಿ ಗೋಡೆಗೊರಗಿ ಬಾಯಿ ತೆರೆದು ಕೂತೇಬಿಟ್ಟಳು. ಅಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ನಾವು ಬಂದ ಗಾಡಿಯನ್ನೇ ಹತ್ತಿ ದರೋಜಿಗೆ ಹೊಡೆಸಿದರು.

ಹೊಸಪೇಟೆಗೆ ಮರಳಿದ ಮೇಲೆ ನೋಡುತ್ತೇನೆ, ತಾತನ ಉಗುರಿರಲಿಲ್ಲ. ಬುಡಮಟ್ಟ ಕತ್ತರಿಸಿಬಿಟ್ಟಿದ್ದರು. ಯಾರಾದರೂ ರಾಯರ ದೀಪ ತಂದರೆ "ನನಗ ಗೊತ್ತಾಗಂಗಿಲ್ರಿ" ಎಂದು ಕಳಿಸುತ್ತಿದ್ದರು. ಕೇಳಿದ್ದಕ್ಕೆ, "ಹೇಳೂ ಹೊತ್ತಿನ್ಯಾಗ ಸುಮ್ಮನಿದ್ದೆ. ಸುಮ್ಮನಿರ್ತೀನಂತ ಮಾತು ಕೊಟ್ಟು ಹೇಳಿದೆ. ಇನ್ನ ಆ ಉಗುರು ಯಾಕವ್ವಾ?" ಅಂದರು. ಮತ್ತೆ ಅದನ್ನು ಬೆಳೆಸಲೇ ಇಲ್ಲ.

ಅವರು ತೀರಿಕೊಂಡ ದಿನ ಅವ್ವ ಕಂಪ್ಲಿಯಿಂದ ಬಂದಳು. ಉಗುರಿನ ಕಥೆಯನ್ನು ನಾನು ಅವಳಿಗೆ ಹೇಳಿದ್ದೇ ಆಗ. ಅವ್ವ ತಣ್ಣಗಾಗಿದ್ದ ಆ ಹೆಬ್ಬೆರಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಒಂದು ಕಾಲಕ್ಕೆ ಅದನ್ನು ನೋಡಿ ಹೇಸಿದ್ದ ನಾನೂ ಒತ್ತಿಕೊಂಡೆ.