ಸೀಮೆಸುಣ್ಣದ ಬುದ್ಧಿಮಾತು

ಒಂಟಿಕೊಪ್ಪಲಿನ ನಮ್ಮ ಟೈಲರ್ ಇನ್ನಾಸಿಮುತ್ತು ಬೆಳಿಗ್ಗೆ ಅಂಗಡಿ ತೆರೆದೊಡನೆ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಮಗೆ ತಾವೇ ಬುದ್ಧಿ ಬರೆದುಕೊಳ್ಳುತ್ತಾರೆ: ‘ಕೋಪ ಬೇಡ’, ‘ನಾಳೆ ಕೊಡ್ತೀನಿ ಅಂತ ಸುಳ್ಳು ಹೇಳಬೇಡ’. ಎಳೆಬಿಸಿಲು ಹಲಗೆಯ ಮೇಲೆ ಬಂದು ಕೂತಾಗ ಆ ಅಕ್ಷರಗಳು ನೀರಿನಲ್ಲಿ ತೇಲುವಂತೆ ಕಾಣುತ್ತವೆ. ಮಧ್ಯಾಹ್ನದೊಳಗೆ ಯಾರದೋ ಪ್ಯಾಂಟಿನ ಬಟ್ಟೆ ಹರಡಿ, ಎಳೆದು, ಎಲ್ಲ ಅಳಿಸಿಹೋಗಿರುತ್ತದೆ. ನನ್ನ ಅಂಗಿ ಕೇಳಿದರೆ ‘ನಾಳೆ ಗ್ಯಾರಂಟಿ ಕಣ್ರೀ’ ಎನ್ನುತ್ತಾರೆ. ‘ಬೆಳಿಗ್ಗೆ ಬರೆದದ್ದು ಏನಾಯ್ತು?’ ಎಂದರೆ, ‘ಬಟ್ಟೆಗೆ ಅಂಟ್ಕೊಂಡು ಹೋಯ್ತು ಬುಡಿ, ಹಾಕ್ಕೊಂಡೋರಿಗಾದ್ರೂ ಬುದ್ಧಿ ಬರ್ಲಿ’ ಎಂದು ನಗುತ್ತಾರೆ. ಹಾಗೆ ಅವರ ಬುದ್ಧಿಯನ್ನು ತೊಟ್ಟು ಓಡಾಡುವವರು ದಟ್ಟಗಳ್ಳಿಯವರೆಗೂ ಇದ್ದಾರಂತೆ. ಆದರೆ ಹಲಗೆಯ ಎಡಮೂಲೆಯ ಒಂದು ಸಾಲಿನ ಮೇಲೆ ಮಾತ್ರ ಯಾವ ಬಟ್ಟೆಯೂ ಹಾಯುವಂತಿಲ್ಲ: ‘ಮೇರಿ ಕರೆದರೆ ಮೊದಲನೇ ಸಲಕ್ಕೇ ಓಗೊಡು.’ ಮೆಷಿನ್ನಿನ ಸದ್ದಿಗೆ ಕೇಳಿಸಲಿಲ್ಲ ಎನ್ನುತ್ತ, ಅಂಗಡಿಯ ಹಿಂದಿನ ಮನೆಯಿಂದ ಊಟಕ್ಕೆ ಕರೆಯುವ ಹೆಂಡತಿಯನ್ನು ಮೂವತ್ತು ವರ್ಷ ಕೂಗಿಸಿದವರು ಅವರು. ಆರೋಗ್ಯಮೇರಿ ತೀರಿಕೊಂಡ ಮೇಲೆ ಬರೆದ ಸಾಲು ಅದು. ಈಗ ಹೊಲಿಯುತ್ತಿದ್ದವರು ಇದ್ದಕ್ಕಿದ್ದಂತೆ ಮೆಷಿನ್ ನಿಲ್ಲಿಸಿ, ಒಳಬಾಗಿಲಿನ ಕಡೆ ತಿರುಗಿ, ‘ಬಂದೆ ಕಣೇ’ ಎನ್ನುತ್ತಾರೆ.