ನವಸಾಗರದ ಬೆಸುಗೆ

ಗಂಗಾವತಿಯ ಓಣಿಯೊಳಗೆ "ಕಲಾಯ್... ಪಾತ್ರಿಗೆ ಕಲಾಯ್..." ಅಂತ ಕೂಗು ಕೇಳಿದರೆ ಸಾಕು, ಹೆಂಗಸರು ತಾಮ್ರದ ಹಂಡೆ, ಹಿತ್ತಾಳೆ ಪರಾತ ಹಿಡಿದು ಹೊರಬೀಳುತ್ತಿದ್ದರು. ಕೂಗುವವನು ಶಫೀಸಾಬ. ಬೇವಿನ ಗಿಡದ ಬುಡಕ್ಕೆ ಕುಣಿ ತೋಡಿ, ತಿದಿ ಹೂಡಿ, ಇದ್ದಲಿ ಕೆಂಪಗೆ ಮಾಡಿ, ಪಾತ್ರೆ ಕಾದ ಮೇಲೆ ಒಂದು ಚಿಟಿಕೆ ನವಸಾಗರದ ಪುಡಿ ಉದುರಿಸುತ್ತಿದ್ದ. ಬಿಳಿ ಹೊಗೆ ಭುಸ್ಸಂತ ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ತಿಕ್ಕಿದನೆಂದರೆ ಕರಿ ಪಾತ್ರೆಯ ಹೊಟ್ಟೆಯೊಳಗೆ ಬೆಳದಿಂಗಳು. ಕೊನೆಗೆ ಚೊಂಯ್ ಅಂತ ಬಕೆಟ್ಟಿನ ನೀರಿಗೆ ಒಂದು ಅದ್ದು. ಅಲ್ಲಿಗೆ ಕೆಲಸ ಪೂರಾ.

ಆ ತಿದಿ ಒತ್ತುತ್ತಾ ಬೆಳೆದವಳು ಮಗಳು ಮುನ್ನಿ. ಸಾಲಿಯ ಹಾಜರಿಯೊಳಗೆ ನಸೀಮಾಬಿ. ಮನೆಯ ರೇಡಿಯೊ ಬಿಚ್ಚಿ ಕಟ್ಟುವ ಹುಡುಗಿ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ಕೊಪ್ಪಳದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತು. ತಾಯಿ ಹುಸೇನಬೀ ಒಪ್ಪಿದಳು, ಆದರೆ ಕರಾರು ಹಾಕಿ ಒಪ್ಪಿದಳು.

"ಮೂರು ವರ್ಷ ಅಂದ್ರ ಮೂರ ವರ್ಷ. ನಡುವ ಒಂದು ಪೇಪರ್ ಫೇಲಾಗಿ ಕುಂತ್ರೂ ಓದು ಬಂದ್. ಸಿಂಧನೂರಾಗ ನಿಮ್ಮ ಫುಫ್ಫಿ ಮಗ ಲಗ್ನಕ್ಕ ಕಾಯ್ಕೊಂತ ಕುಂತಾನ. ಎಲ್ಲಾ ಪಾಸಾದ್ರ ಬ್ಯಾಡ ಅಂತ ನಾನ ಹೇಳಿಕಳಸ್ತೀನಿ."

"ಮೂರು ವರ್ಷ ಕುಂತ ಇರ್ತಾನಂದ್ರ, ಅವಂಗ ಬ್ಯಾರೆ ಕೆಲಸ ಇಲ್ಲೇನು ಅಮ್ಮಿ?"

"ನಗಬ್ಯಾಡ. ನಾ ಹೇಳಿದ್ದು ಹೇಳಿದ್ದ."

ದಿನಾ ಮುಂಜಾನೆ ಕೊಪ್ಪಳದ ಬಸ್ಸು, ಸಂಜೆ ತಿರುಗಿ ಗಂಗಾವತಿ. ತರಗತಿಯಲ್ಲಿ ಮೂವತ್ತು ಮಂದಿ ಹುಡುಗರು, ಅವಳೊಬ್ಬಳು. ಯಾರೂ ಕಾಡಲಿಲ್ಲ, ಯಾರೂ ಕೆಟ್ಟ ಮಾತು ಆಡಲಿಲ್ಲ. ಬಾಗಿಲ ಹತ್ತಿರದ ಬೆಂಚನ್ನು ಅವಳಿಗೆ ಬಿಟ್ಟುಕೊಟ್ಟು "ಮೇಡಮ್ಮಾರ ಜಾಗಾ" ಅಂತ ಹೆಸರಿಟ್ಟರು. ಆ ಮರ್ಯಾದೆಯೇ ಗೋಡೆಯಾಯಿತು. ಕಾಡಿದ್ದರೆ ತಿರುಗಿ ಬೈಯಲಿಕ್ಕಾದರೂ ಬಾಯಿ ತೆರೆಯುತ್ತಿದ್ದಳು. ಮಧ್ಯಾಹ್ನ ಹುಡುಗರು ರೊಟ್ಟಿ ಗಂಟು ಬಿಚ್ಚಿ ದುಂಡಗೆ ಕೂಡುತ್ತಿದ್ದರು. ಇವಳು ನೀರಿನ ಟಾಕಿಯ ಹಿಂದೆ ಡಬ್ಬಿ ತೆಗೆದು ಟಾಕಿಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಹಾಜರಿಗೆ "ಸರ್" ಅಂದರೆ ಆ ದಿನದ ಮಾತು ಮುಗಿದಂತೆ.

ಲ್ಯಾಬಿನಲ್ಲಿ ಇಬ್ಬಿಬ್ಬರಿಗೆ ಒಂದು ಮೇಜು. ಹದಿನೈದು ಮೇಜು ತುಂಬಿದ ಮೇಲೆ ಹದಿನಾರನೆಯದು, ಕಿಟಕಿಯ ಬದಿಯದು, ಅವಳದು. ಉಳಿದ ಕಡೆ ಒಬ್ಬ ತಂತಿ ಹಿಡಿದರೆ ಒಬ್ಬ ಬೆಸೆಯುತ್ತಿದ್ದ. ಅವಳು ತಂತಿ ಜಾರದಂತೆ ಅದರ ಮೇಲೆ ನೋಟ್‌ಬುಕ್ ಹೇರಿ ಬೆಸೆಯುವುದನ್ನು ಕಲಿತಳು.

ಹೀಗೆ ಎರಡೂವರೆ ವರ್ಷ ಒಂದು ಪೇಪರೂ ಕೂರದೆ ದಾಟಿತು. ಕೊನೆಗೆ ಉಳಿದದ್ದು ಪ್ರಾಜೆಕ್ಟ್: ಏನಾದರೂ ಒಂದು ಯಂತ್ರ ತಮ್ಮ ಕೈಯಾರೆ ಮಾಡಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕು. ಪಾಠ ಹೇಳುವ ವಿರುಪಣ್ಣ ಮಾಸ್ತರರು ಗುಂಪು ಕಟ್ಟುತ್ತಾ ಕೇಳಿದರು.

"ನಸೀಮಾ, ನೀ ಯಾರ ಗುಂಪಿಗೆ ಸೇರ್ತೀಯವಾ?"

ಅವಳು ಹಿಂದಕ್ಕೆ ತಿರುಗಿ ನೋಡಿದಳು. ಮೂವತ್ತು ತಲೆಗಳೂ ಪುಸ್ತಕದೊಳಗೆ ಬಿದ್ದಿದ್ದವು. ಅಷ್ಟು ಭಕ್ತಿಯಿಂದ ಅವರು ಎಂದೂ ಓದಿದವರಲ್ಲ.

"ಒಬ್ಬಾಕೀನ ಮಾಡ್ತೀನ್ರಿ ಸರ್."

ತೊಟ್ಟಿ ತುಂಬಿದ ಕೂಡಲೇ ಕೂಗುವ ಯಂತ್ರ ಅವಳು ಆರಿಸಿದ್ದು. ಎರಡು ತಂತಿಯ ತುದಿಗೆ ನೀರು ತಾಗಿದರೆ ಪುಟ್ಟ ಬಜರ್ ಕುಂಯ್ ಅನ್ನಬೇಕು. ಲ್ಯಾಬಿನವರು ಕೊಟ್ಟ ಬೋರ್ಡು ಹಳೆಯದು, ತಾಮ್ರದ ಗೆರೆ ಕಪ್ಪಿಟ್ಟಿತ್ತು. ಬೆಸುಗೆಯ ತವರ ಎಷ್ಟು ಇಟ್ಟರೂ ಹಿಡಿಯಲೊಲ್ಲದು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳುತ್ತದೆ. ಅದಕ್ಕೆ ತವರ ಹಿಡಿಸುವ ಪೇಸ್ಟ್ ಹಚ್ಚಬೇಕು. ಇಡೀ ಲ್ಯಾಬಿಗೆ ಇದ್ದದ್ದು ಒಂದೇ ಡಬ್ಬಿ, ಅದು ಮೊದಲ ಮೇಜಿನಿಂದ ಹೊರಟು ಹದಿನೈದರಲ್ಲಿ ನಿಂತುಬಿಡುತ್ತಿತ್ತು. "ಪೇಸ್ಟ್ ಕೊಡ್ರಿ." ಎರಡೇ ಮಾತು. ಮೂರು ದಿನ ಬಸ್ಸಿನಲ್ಲಿ ಕೂತು ಆ ಎರಡು ಮಾತನ್ನು ತುಟಿಯೊಳಗೇ ಮಗ್ಗಿಯಂತೆ ಒಪ್ಪಿಸಿಕೊಂಡಳು. ಲ್ಯಾಬಿನ ಬಾಗಿಲು ದಾಟಿದರೆ ಸೀದಾ ತನ್ನ ಮೇಜಿಗೆ ಹೋಗಿ ಕೂತುಬಿಡುತ್ತಿದ್ದಳು.

ನಾಲ್ಕನೆಯ ದಿನ ಮನೆಯಲ್ಲಿ ಅಬ್ಬಾನ ಕಲಾಯ್ ಚೀಲ ಕಣ್ಣಿಗೆ ಬಿತ್ತು. ತಾಮ್ರಕ್ಕೆ ತವರ ಹಿಡಿಸುವುದು ತಾನೇ? ಅದು ಅವರ ಮನೆತನದ ವಿದ್ಯೆಯಲ್ಲವೇ? ಒಂದು ಚಿಟಿಕೆ ನವಸಾಗರ ಕಾಗದದಲ್ಲಿ ಮಡಚಿಕೊಂಡು ಹೋದಳು. ಉದುರಿಸಿ, ಕಾದ ಬೆಸುಗೆ ಐರನ್ ಮುಟ್ಟಿಸಿದಳು. ಎಳೆಯಷ್ಟು ಬಿಳಿ ಹೊಗೆ ಎದ್ದಿತು, ತವರ ಹರಿದು ಗಟ್ಟಿಯಾಗಿ ಕೂತಿತು. ಹದಿನಾಲ್ಕು ಬೆಸುಗೆ, ಹದಿನಾಲ್ಕೂ ಥಳಥಳ. ತಂತಿಯನ್ನು ಲೋಟದ ನೀರಿಗೆ ಇಳಿಸಿದರೆ ಬಜರ್ ಕುಂಯ್ ಅಂದಿತು. ಹದಿನೈದನೆಯ ಮೇಜಿನ ಯಂಕೇಶ, ನವಲಿಯ ಹುಡುಗ, ಎದ್ದು ಬಂದು ಬಗ್ಗಿ ನೋಡಿದ.

"ಏ, ಮೇಡಮ್ಮಾರ ಬೆಸಗಿ ನೋಡ್ರಲೇ! ಬೆಳ್ಳಿ ಗೆಜ್ಜಿ ಪೋಣಿಸಿದಂಗ ಐತಿ!"

ನಾಲ್ಕೈದು ಮಂದಿ ಸುತ್ತ ನಿಂತರು. ಹೆಂಗೆ ಮಾಡಿದೆ ಅಂತ ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ, ನೋಡಿದರು, ಹೋದರು.

ಒಂದೇ ಒಂದು ಸಂಗತಿ ಬಿಟ್ಟುಹೋಗಿತ್ತು. ಅಬ್ಬಾ ಕೊನೆಗೆ ಪಾತ್ರೆಯನ್ನು ನೀರಿಗೆ ಅದ್ದುತ್ತಿದ್ದನಲ್ಲ, ಆ ಅದ್ದು. ಕರೆಂಟಿನ ಸಾಮಾನಿಗೆ ನೀರು ತಾಗಿಸಬಾರದು ಅಂತ ಮೊದಲನೇ ದಿನವೇ ಕಲಿತಿದ್ದಳು. ಅದಕ್ಕೇ ತೊಳೆಯಲಿಲ್ಲ. ಬೋರ್ಡನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟಳು. ಅಷ್ಟರಲ್ಲಿ ಮಿರಗದ ಮಳೆ ಹಿಡಿಯಿತು.

ಇಪ್ಪತ್ತು ದಿನ ಕಳೆದು, ಪರೀಕ್ಷೆಯ ಮುಂಜಾನೆ ಲ್ಯಾಬಿನಲ್ಲಿ ಡಬ್ಬಿ ತೆರೆದಳು. ಹುಣಸೆ ಸಾರು ಉಳಿದ ತಾಮ್ರದ ಪಾತ್ರೆಯಂತೆ ಹದಿನಾಲ್ಕೂ ಬೆಸುಗೆಯ ಸುತ್ತ ಹಸಿರು ಕಿಲುಬು. ತಂತಿ ನೀರಿಗೆ ಇಳಿಸಿದಳು. ಬಜರ್ ಉಸಿರೆತ್ತಲಿಲ್ಲ.

ಪರೀಕ್ಷಕರು ಕನ್ನಡಕ ಏರಿಸಿದರು. "ಇದೇನವಾ, ಬೋರ್ಡಿನ ಮ್ಯಾಲೆ ಪಾಚಿ ಬೆಳಸೀಯಲ್ಲ?"

"ನವಸಾಗರ ಹಾಕಿದ್ದೆ ಸರ್."

"ನವಸಾಗರ? ಅದನ್ನ ಯಾರ ಹೇಳಿಕೊಟ್ರು ನಿಂಗ?"

"ಯಾರೂ ಹೇಳಿಕೊಡಲಿಲ್ರಿ."

ವಿರುಪಣ್ಣ ಮಾಸ್ತರರು ಕಿಟಕಿಯ ಹೊರಗೆ ನೋಡಿದರು. ಪರೀಕ್ಷಕರು ಗಡಿಯಾರ ನೋಡಿ, "ಉಳಿದೋರದ್ದು ನೋಡಾಕ ಎರಡು ತಾಸು ಬೇಕು. ಅಷ್ಟರಾಗ ಸರಿ ಮಾಡಿದ್ರ ಕೊನಿಗೆ ನಿಂದು ನೋಡ್ತೀನಿ," ಅಂದರು.

ಮುನ್ನಿ ಬೋರ್ಡು ಎತ್ತಿಕೊಂಡು ಸೀದಾ ನಳದ ಹತ್ತಿರ ಹೋದಳು.

"ಏ, ನೀರಿಗಿ ಹಿಡಿಬ್ಯಾಡ್ರಿ ಮೇಡಮ್ಮಾರ!" ಯಾರೋ ಕೂಗಿದರು.

ಹಿಡಿದಳು. ಹಳೆಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹಸಿರು ಹೋಗುವ ತನಕ ತೊಳೆದಳು. ಕಿಟಕಿಯ ಬಿಸಿಲಿಗೆ ಒಣಗಿಸಿ, ಕಿಲುಬು ತಿಂದ ಬೆಸುಗೆ ಕೆರೆದು ತೆಗೆದಳು. ಇನ್ನು ಪೇಸ್ಟ್ ಬೇಕು. ಡಬ್ಬಿ ಹದಿನೈದನೆಯ ಮೇಜಿನ ಮೇಲಿದೆ. ನಡುವೆ ನಾಲ್ಕು ಹೆಜ್ಜೆ. ಸಿಂಧನೂರು ಅದಕ್ಕಿಂತ ಹತ್ತಿರ ಅನ್ನಿಸಿತು.

"ಪೇಸ್ಟ್ ಕೊಡ್ರಿ," ಅಂದಳು.

ಯಂಕೇಶ ಬೆಚ್ಚಿಬಿದ್ದವನಂತೆ ತಿರುಗಿದ. "ಇಷ್ಟ ಕೇಳಾಕ ಮೂರು ವರ್ಷ ಬೇಕಾತೇನ್ರಿ?"

"ನೀವರ ಮೂರು ವರ್ಷದಾಗ ಬೇಕೇನು ಅಂತ ಕೇಳಿದ್ರೇನು?"

ಅವನು ಎದ್ದು ಬಂದ. ಡಬ್ಬಿ ತಂದಿಟ್ಟು, ನೋಟ್‌ಬುಕ್ ಪಕ್ಕಕ್ಕೆ ಸರಿಸಿ, ತಂತಿಯ ಮೇಲೆ ತಾನೇ ಬೆರಳಿಟ್ಟ. "ಹಿಡಿದೀನಿ. ಬೆಸೀರಿ." ಒಂದು ಬೆಸುಗೆ ಆಯಿತು. ಅಷ್ಟರಲ್ಲಿ ಅವನ ಹೆಸರು ಕರೆದರು, ಹೋದ. ಉಳಿದ ಹದಿಮೂರನ್ನು ನೋಟ್‌ಬುಕ್ ಹೇರಿಕೊಂಡು ಒಬ್ಬಳೇ ಮುಗಿಸಿದಳು. ಕೊನೆಗೆ ತಂತಿ ಇಳಿಸಿದಾಗ ಬಜರ್ ನೆಗಡಿಯಾದವರಂತೆ ಕೂಗಿತು. ಆದರೂ ಕೂಗಿತು. ಪರೀಕ್ಷಕರು ಏನೋ ಬರೆದುಕೊಂಡರು.

ಮೆಟ್ಟಿಲಿಳಿದಾಗ ಹುಡುಗರೆಲ್ಲ ಫೋಟೊ ತೆಗೆಸಿಕೊಳ್ಳಲು ಸ್ಟುಡಿಯೊಕ್ಕೆ ಹೊರಟುಹೋಗಿದ್ದರು. ಆ ಫೋಟೊದಲ್ಲಿ ಮೂವತ್ತು ಮಂದಿ ಇದ್ದಾರೆ.

ಮನೆಯಲ್ಲಿ ಶಫೀಸಾಬ ಬೋರ್ಡು ತಿರುಗಿಸಿ ಹಿಂದೆ ಮುಂದೆ ನೋಡಿ, ಕಥೆ ಎಲ್ಲ ಕೇಳಿ, ಒಂದೇ ಮಾತು ಅಂದ: "ತೊಳೀಲಿಲ್ಲೇನು ಬೇಟಾ? ಉಳಿದ ನವಸಾಗರ ತಾಮ್ರ ತಿಂತೈತಿ. ನನ್ನ ಕೇಳೂದಲ್ಲೇನು?" ತಿಂಗಳೊಪ್ಪತ್ತು ಕಳೆಯಿತು. ಫಲಿತಾಂಶ ಬಂತು. ಪ್ರಾಜೆಕ್ಟಿನಲ್ಲಿ ಹೊಸ್ತಿಲು ತಾಗಿಸಿಕೊಂಡೇ ದಾಟಿದ್ದಳು, ಒಂದು ಪೇಪರೂ ಕುಂತಿರಲಿಲ್ಲ. ತಾಯಿ ಆಡಿದ ಮಾತಿಗೆ ತಪ್ಪಲಿಲ್ಲ, ಇನ್ನು ಕಾಯುವುದು ಬೇಡ ಅಂತ ಸಿಂಧನೂರಿಗೆ ತಾನೇ ಹೇಳಿಕಳಿಸಿದಳು.

ಈಗ ಮುನ್ನಿ ಗಂಗಾವತಿಯಲ್ಲಿ ಒಂದು ಕೋಣೆ ಹಿಡಿದು, ಸುತ್ತಲಿನ ಸೀಮೆಯ ಭತ್ತದ ಗದ್ದೆಗಳ ಪಂಪಿನ ಬೋರ್ಡು ರಿಪೇರಿ ಮಾಡುತ್ತಾಳೆ. ರೈತರು ಬೋರ್ಡು ಇಟ್ಟು, "ಸಂಜಿಗೆ ಬರ್ತೀನ್ರಿ" ಅಂತ ಹೋಗಿಬಿಡುತ್ತಾರೆ. ದಿನವಿಡೀ ಅವಳೂ ಐರನ್ನೂ. ತಂತಿಯ ಮೇಲೆ ಈಗಲೂ ನೋಟ್‌ಬುಕ್ ಹೇರುತ್ತಾಳೆ. ಮೇಲಿನ ಹಲಗೆಯ ಮೇಲೆ ಆ ಹಳೆಯ ಬೋರ್ಡು ಇದೆ. ಹದಿಮೂರು ಬೆಸುಗೆ ನೆಟ್ಟಗಿವೆ. ಒಂದು ಸೊಟ್ಟಗಿದೆ, ಯಂಕೇಶ ತಂತಿ ಹಿಡಿದಿದ್ದ ಕಡೆ. ಅದೊಂದನ್ನು ಅವಳು ತಿದ್ದಿಲ್ಲ.