ನಾನೇ ಬಿಗಿದ ಬೋಲ್ಟು

ನನ್ನ ಹಳೆಯ ಅಂಬಾಸಿಡರಿಗೆ ವಯರಿಂಗ್ ಮಾಡಿದವನು ಬಾಲ್ಯದ ಗೆಳೆಯ. ಅರಂತೋಡಿನಲ್ಲಿ ರಸ್ತೆ ಬದಿಗೆ ಅವನದೊಂದು ಆಟೋ ಇಲೆಕ್ಟ್ರಿಕ್ ಅಂಗಡಿ. ಕಾರಿನ ವಿಷಯದಲ್ಲಿ ನನಗೆ ಜಂಬ ತುಸು ಹೆಚ್ಚು. ಅವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಮುಟ್ಟಲು ಕೊಟ್ಟವನಲ್ಲ.

ಕಳೆದ ಮಳೆಗಾಲದಲ್ಲಿ ಎರಡೂ ಹೆಡ್‌ಲೈಟು ಮಂಕಾದವು. ಜಾಲ್ಸೂರಿನಿಂದ ಮನೆಗೆ ಬರುವುದೆಂದರೆ ಚಿಮಿಣಿ ದೀಪ ಹಿಡಿದು ಬಂದ ಹಾಗಾಗುತ್ತಿತ್ತು. ಬಲ್ಬು ಬದಲಿಸಿದೆ, ಫ್ಯೂಸು ಬದಲಿಸಿದೆ. ಕೊನೆಗೆ, ಅವನು ಎಳೆದ ವಯರೇ ಕಳಪೆ ಎಂದು ನಾನೇ ತೀರ್ಮಾನಿಸಿ ಅಂಗಡಿಗೆ ಹೋದೆ. ಅವನು ಸಮಾಧಾನದಿಂದಲೇ ಹೇಳಿದ.

"ವಯರಿಗೆ ಎಂತ ಆಗ್ಲಿಲ್ಲ. ಅರ್ತ್ ಒಂದು ನೋಡ್ಬೇಕು. ಕಾರು ಇಲ್ಲಿ ಇರ್ಲಿ ಮಾರಾಯ."

ನಾನು ಕೇಳುವವನೇ? ಸಕ್ಕರೆ ಕಾಯಿಲೆಯಿಂದ ಅವನ ದೃಷ್ಟಿ ಇಳಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ, ಗಿರಾಕಿಗಳ ಎದುರು ಅಂದೆ: "ನಿನಗೇ ಕಣ್ಣು ಕಾಣುದಿಲ್ಲ. ನೀನು ಎಂತ ಲೈಟ್ ರಿಪೇರಿ ಮಾಡುದು?"

ಅವನು ಕೈಯಲ್ಲಿದ್ದ ಟೆಸ್ಟ್ ಲ್ಯಾಂಪನ್ನು ಮೇಜಿನ ಮೇಲಿಟ್ಟು ಒಳಗೆ ಹೋದ. ಆಮೇಲೆ ಆ ದಾರಿಯಲ್ಲಿ ಹೋಗುವಾಗಲೂ ನಾನು ಅಂಗಡಿಯತ್ತ ಮುಖ ತಿರುಗಿಸಲಿಲ್ಲ. ದೀಪಾವಳಿ ಕಳೆದು ಕೆಲವೇ ದಿನಕ್ಕೆ ಅವನು ಹೃದಯಾಘಾತವಾಗಿ ತೀರಿಕೊಂಡ. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು.

ಕಳೆದ ತಿಂಗಳು ಒಂದು ಬೆಳಿಗ್ಗೆ ದೋಷ ಹುಡುಕಲು ನಾನೇ ಕೂತೆ. ಇನ್ನೊಬ್ಬರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಅರ್ತ್, ಎಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ, ನೋಡಬೇಕೆಂದು ಅವನು ಹೇಳಿದ್ದೊಂದೇ ನನ್ನಲ್ಲಿದ್ದ ದಾರಿ. ಲೈಟಿನ ಸ್ವಿಚ್ಚು ಹಾಕಿಟ್ಟು, ಬ್ಯಾಟರಿಯ ನೆಗೆಟಿವಿನಿಂದ ಒಂದು ತುಂಡು ವಯರು ಎಳೆದು ಹೆಡ್‌ಲೈಟಿನ ಅರ್ತ್ ವಯರಿಗೆ ತಾಗಿಸಿದೆ. ಹಾಡುಹಗಲಲ್ಲೂ ಎದುರಿನ ಗೋಡೆ ಬೆಳಗಿತು. ಹಾಗಾದರೆ ಆ ವಯರು ಕಾರಿನ ಬಾಡಿಯ ಲೋಹಕ್ಕೆ ಸೇರುವಲ್ಲೇ ದೋಷ. ರೇಡಿಯೇಟರಿನ ಪಕ್ಕ ಅದನ್ನು ಬಿಗಿದಿದ್ದ ಬೋಲ್ಟು ಬಿಚ್ಚಿದೆ. ಅದರಡಿ ಕಪ್ಪಗೆ, ಗಟ್ಟಿಯಾಗಿ ಗೇರೆಣ್ಣೆ ಅಂಟಿಕೊಂಡಿತ್ತು.

ತುಕ್ಕು ಹಿಡಿಯದಿರಲೆಂದು ನಮ್ಮ ಕಡೆ ಮಳೆಗೆ ಮೊದಲು ಗೇರುಬೀಜದ ಸಿಪ್ಪೆಯ ಈ ಎಣ್ಣೆ ಬಳಿಯುವುದುಂಟು. ಆ ವರ್ಷ ಪುತ್ತೂರಿನಿಂದ ಒಂದು ಡಬ್ಬಿ ತಂದು ಕಾರಿಗೆ ಬಳಿದವನು ನಾನು. ಒಂದು ಸಂದೂ ಬಿಡಬಾರದೆಂದು ಈ ಬೋಲ್ಟನ್ನು ಬಿಚ್ಚಿ, ಅಡಿಗೂ ಬಳಿದು, ತಿರುಗಿ ಬಿಗಿದವನೂ ನಾನೇ. ಒಣಗಿದ ಎಣ್ಣೆ ಕರೆಂಟಿಗೆ ಅಡ್ಡ ಕೂತಿತ್ತು. ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ಮರುದಿನ ಇಚಿಲಂಪಾಡಿಗೆ ಹೋದೆ. ಅವನ ಹೆಂಡತಿ ಈಗ ಅಲ್ಲಿ ತವರಿನಲ್ಲಿದ್ದಾರೆ. ತಪ್ಪೆಲ್ಲ ನನ್ನದೇ ಎಂದು ಹೇಳಿ ಕ್ಷಮೆ ಕೇಳಿದೆ. ಅವರು ಒಳಗೆ ಹೋಗಿ, ಅಂಗಡಿಯಿಂದ ತಂದಿಟ್ಟಿದ್ದ ಪೆಟ್ಟಿಗೆ ತೆರೆದು ಒಂದು ದಪ್ಪ ಕಪ್ಪು ವಯರು ತಂದುಕೊಟ್ಟರು. ಎರಡು ತುದಿಗೂ ಬೋಲ್ಟು ತೂರುವಂಥ ತಾಮ್ರದ ಬಳೆ ಬೆಸೆದಿತ್ತು.

"ನೀವು ಬಂದಾಗ ಹಾಕ್ಲಿಕ್ಕೆ ಅಂತ ಅವ್ರು ಮಾಡಿಟ್ಟದ್ದು ಅಣ್ಣ. ಬೇರೆ ಯಾರಿಗೂ ಕೊಡ್ಲಿಕ್ಕೆ ಬಿಡ್ಲಿಲ್ಲ."

ಮನೆಗೆ ಬಂದು ಅದನ್ನು ಬ್ಯಾಟರಿಯಿಂದ ಆ ಬೋಲ್ಟಿನವರೆಗೆ ಹಿಡಿದು ನೋಡಿದೆ. ಮಂಜಾದ ಕಣ್ಣಲ್ಲಿ, ಕಾರು ಎದುರಿಲ್ಲದೆ ಅವನು ಕತ್ತರಿಸಿದ ವಯರು. ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.